ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾದಂಬರಿ ಓದಿ ಕಲ್ಲಿಕೋಟೆಗೆ

ಕಾದಂಬರಿ ಓದಿ ಮುಗಿಸಿ ಅದರ ಊರನ್ನೂ ನೋಡಿಬರಬೇಕೆನ್ನುವವರ ಪ್ರಶ್ನೆಗಳೇ ಈ ಸಲ ಹೆಚ್ಚು ಬಂದಿವೆ. ಕಾಸರಗೋಡಿನವರಿಗೆ ಕಲ್ಲಿಕೋಟೆ ಬೆಳಗ್ಗೆ ಹೋಗಿ ರಾತ್ರಿ ಮರಳಬಹುದಾದ ಊರು. 2023ರಲ್ಲಿ ಯುನೆಸ್ಕೋ ಅದನ್ನು ಸಾಹಿತ್ಯ ನಗರವೆಂದು ಗುರುತಿಸಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ಊರು ಅದೇ. ಹಾಗಾಗಿ ಹೆಚ್ಚಿನ ಜಾಗ ಅದಕ್ಕೇ ಹೋಗಿದೆ.

ಪ್ರಶ್ನೆ: ನಮ್ಮ ಓದುಗರ ಬಳಗದ ಹನ್ನೆರಡು ಮಂದಿ ಮಲಯಾಳ ಲೇಖಕ ಎಸ್.ಕೆ. ಪೊಟ್ಟೆಕ್ಕಾಟ್ ಅವರ ಕಾದಂಬರಿಗಳ ಜಾಡಿನಲ್ಲಿ ಕಲ್ಲಿಕೋಟೆ ನೋಡಬೇಕೆಂದಿದ್ದೇವೆ. ಒಂದು ದಿನ ಸಾಕೇ? ಎಲ್ಲಿಂದ ಶುರು ಮಾಡುವುದು? ರಾತ್ರಿ ಮನೆ ಸೇರಲೇಬೇಕು.
— ಅಧ್ಯಾಪಿಕೆ, ಬದಿಯಡ್ಕ

ಸಾಕು, ಇನ್ನೊಬ್ಬ ಲೇಖಕ ಬಷೀರರು ನೆಲೆಸಿದ್ದ ಬೇಪೂರನ್ನು ಬಿಟ್ಟುಬಿಡುವುದಾದರೆ. ಪೊಟ್ಟೆಕ್ಕಾಟರ ಕಲ್ಲಿಕೋಟೆ ಮಾನಾಂಚಿರ ಕೆರೆಯಿಂದ ಸುಮಾರು ಎರಡು ಕಿಲೋಮೀಟರ್ ದೂರದೊಳಗೇ ಇದೆ. ಬೇಪೂರು ಇರುವುದು ಕಲ್ಲಿಕೋಟೆಯಿಂದ ದಕ್ಷಿಣಕ್ಕೆ ಹತ್ತು ಕಿಲೋಮೀಟರಿಗೂ ಆಚೆ. ಎರಡನ್ನೂ ಒಂದೇ ದಿನಕ್ಕೆ ತುರುಕಿದವರು ಕೊನೆಗೆ ಎರಡನ್ನೂ ಆಟೋದ ಕಿಟಕಿಯಿಂದ ನೋಡಿ ಬರುತ್ತಾರೆ.

ಮೊದಲು ಲೇಖಕರ ಬಗ್ಗೆ ಎರಡು ಮಾತು, ದಾರಿ ಹಿಡಿಯಲು ಅದು ಬೇಕು. ಪೊಟ್ಟೆಕ್ಕಾಟ್ 1913ರ ಮಾರ್ಚ್ 14ರಂದು ಕಲ್ಲಿಕೋಟೆಯಲ್ಲೇ ಹುಟ್ಟಿದರು. ತಂದೆ ಇಂಗ್ಲಿಷ್ ಅಧ್ಯಾಪಕರು. ಮಗನೂ 1937ರಿಂದ 1939ರವರೆಗೆ ಊರಿನ ಗುಜರಾತಿ ಶಾಲೆಯಲ್ಲಿ ಪಾಠ ಹೇಳಿದರು. 1939ರ ತ್ರಿಪುರಿ ಕಾಂಗ್ರೆಸ್ ಅಧಿವೇಶನಕ್ಕೆ ಹೋದ ಮೇಲೆ ಆ ಕೆಲಸ ತಪ್ಪಿತು, ಮುಂಬಯಿಗೆ ಹೋದರು. ಆಫ್ರಿಕ, ಯುರೋಪು, ಬಾಲಿ ದ್ವೀಪ ಎಲ್ಲ ಸುತ್ತಿ ಪ್ರವಾಸ ಕಥನಗಳನ್ನು ಬರೆದರೂ ಅವರ ದೊಡ್ಡ ಕಾದಂಬರಿಗಳೆರಡು ಹುಟ್ಟೂರಿನವೇ. 1960ರ ‘ಒರು ತೆರುವಿಂಡೆ ಕಥ’ ಒಂದು ಬೀದಿಯ ಕಥೆ. 1971ರ ‘ಒರು ದೇಶತ್ತಿಂಡೆ ಕಥ’ ಒಂದು ಊರಿನ ಕಥೆ. 1980ರ ಜ್ಞಾನಪೀಠ ಬಂದದ್ದು ಇದಕ್ಕೆ. ಅವರು ತೀರಿಕೊಂಡದ್ದು 1982ರ ಆಗಸ್ಟ್ 6ರಂದು.

ಈ ಎರಡು ಕಾದಂಬರಿಗಳಿಗೆ ಎರಡು ಜಾಗ: ಬೀದಿಗೆ ಮಿಠಾಯಿ ತೆರು, ಊರಿಗೆ ಪುದಿಯರ. ನಿಮ್ಮ ದಿನವನ್ನು ಈ ಎರಡರ ಸುತ್ತ ಕಟ್ಟಿ.

ರೈಲು: ಕಾಸರಗೋಡಿನಿಂದ ಕಲ್ಲಿಕೋಟೆಗೆ ಸುಮಾರು 175 ಕಿಲೋಮೀಟರ್. ಎಕ್ಸ್‌ಪ್ರೆಸ್ಸಿನಲ್ಲಿ ಮೂರು ಗಂಟೆ ಹಿಡಿಯಿರಿ. ವಂದೇ ಭಾರತ್ ಬೇಗ ಮುಟ್ಟಿಸುತ್ತದೆ, ದರ ಜಾಸ್ತಿ. ಬೆಳಗ್ಗೆ ಐದರ ಸುಮಾರಿಗೆ ಮಂಗಳೂರು ಬಿಡುವ ಪರಶುರಾಮ್ ನಿಮಗೆ ಸರಿಯಾಗಿ ಹೊಂದುತ್ತದೆ, ಒಂಬತ್ತಕ್ಕೆ ಮೊದಲೇ ಕಲ್ಲಿಕೋಟೆಯಲ್ಲಿರಬಹುದು. ಆದರೆ ಅದಕ್ಕೆ ಬದಿಯಡ್ಕದಿಂದ ಬಸ್ಸು ಸಿಗದು, ಜೀಪೋ ವ್ಯಾನೋ ಮೊದಲೇ ಹೇಳಿಡಿ. ಮಳೆಗಾಲದಲ್ಲಿ ರೈಲುಗಳ ಸಮಯ ಬದಲಾಗುವುದುಂಟು, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಎರಡನೇ ದರ್ಜೆಯ ಸಿಟ್ಟಿಂಗ್ ಸೀಟುಗಳನ್ನು ಹೋಗಲೂ ಬರಲೂ ಮುಂಚಿತವಾಗಿ ಕಾದಿರಿಸಿ. ಬುಕಿಂಗ್ ತೆರೆಯುವುದು ಈಗ 60 ದಿನ ಮುಂಚೆ. ಆದಿತ್ಯವಾರ ಸಂಜೆ ಕಲ್ಲಿಕೋಟೆಯಿಂದ ಬಡಗು ದಿಕ್ಕಿಗೆ ಬರುವ ಜನರಲ್ ಬೋಗಿಗಳಲ್ಲಿ ಹನ್ನೆರಡು ಮಂದಿ ಒಟ್ಟಿಗೆ ಹತ್ತುವುದು ಆಗದ ಮಾತು. ಒಂದಿಬ್ಬರು ಪ್ಲಾಟ್‌ಫಾರಮಿನಲ್ಲೇ ಉಳಿದುಬಿಡುತ್ತಾರೆ. ಶನಿವಾರ ಹೊರಡುವುದು ವಾಸಿ.

ಇಳಿದ ಮೇಲೆ ಮಾನಾಂಚಿರಕ್ಕೆ ಆಟೋ. ಕಲ್ಲಿಕೋಟೆಯ ಆಟೋದವರು ಮೀಟರಿಗೆ ಹೆಸರಾದವರು, ಚೌಕಾಶಿ ಬೇಡ. ಒಂದರಲ್ಲಿ ಮೂವರೇ, ಆದ್ದರಿಂದ ನಿಮಗೆ ನಾಲ್ಕು ಆಟೋ. ನಾಲ್ವರಿಗೂ ಒಂದೇ ಗುರುತು ಹೇಳಿ: ಮಿಠಾಯಿ ತೆರುವಿನ ಬಾಯಿಯಲ್ಲಿರುವ ‘ಎಸ್.ಕೆ.’ ಪ್ರತಿಮೆ. ಊರಿನವರಿಗೆ ಆ ಎರಡಕ್ಷರವೇ ಸಾಕು. ಅಲ್ಲಿನ ಗೋಡೆಯಲ್ಲಿ ಬೀದಿಯ ಕಾದಂಬರಿಯ ಪಾತ್ರಗಳ ಚಿತ್ರಣವಿದೆ. ಯಾರು ಯಾರೆಂದು ಬಳಗದೊಳಗೆ ಗುರುತಿಸಿ ನೋಡಿ, ಓದಿದ್ದು ಎಷ್ಟು ಉಳಿದಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಬೀದಿಗೆ ಒಂಬತ್ತೂವರೆಯೊಳಗೆ ಇಳಿಯಬೇಕು, ಇದು ಮುಖ್ಯ. ಸಂಜೆ ಹೋದರೆ ಬಟ್ಟೆ ಅಂಗಡಿಗಳ ಬೊಬ್ಬೆ, ಭುಜಕ್ಕೆ ಭುಜ ತಾಗುವ ಜನ. ಕಣ್ಣು ಅಂಗಡಿಯ ಮಟ್ಟದಿಂದ ಮೇಲೇಳುವುದೇ ಇಲ್ಲ. ಬೆಳಗ್ಗೆ ಅಂಗಡಿಗಳ ಬಾಗಿಲು ತೆರೆಯುವ ಮೊದಲಾದರೆ ಮೇಲಂತಸ್ತುಗಳು ಕಾಣುತ್ತವೆ: ಹಂಚಿನ ಮಾಡು, ಮರದ ಕಿಟಕಿ, ಬಣ್ಣ ಹೋದ ತೊಲೆ. ಕಾದಂಬರಿಯ ಬೀದಿ ಉಳಿದಿರುವುದು ಅಲ್ಲಿ ಮೇಲೆ. 2017ರಲ್ಲಿ ನವೀಕರಣವಾದಂದಿನಿಂದ ನೆಲಕ್ಕೆ ಹೊಸ ಕಲ್ಲು ಹಾಸಿ ವಾಹನ ತಡೆದಿದ್ದಾರೆ, ನಡೆಯಲು ಸುಖ. ಉದ್ದ ಅರ್ಧ ಕಿಲೋಮೀಟರೂ ಇಲ್ಲ. ಆದರೂ ಒಂದು ಗಂಟೆ ಕೊಡಿ.

ಈ ಕಾದಂಬರಿಗೆ ಒಬ್ಬನೇ ನಾಯಕನಿಲ್ಲ. ಪತ್ರಿಕೆ ಮಾರುವ ಕುರುಪ್ ಇದ್ದಾನೆ, ಸುದ್ದಿಗೆ ಮಸಾಲೆ ಬೆರೆಸಿ ಕೂಗುವವನು. ಹೊರೆಯಾಳುಗಳು, ಕಳ್ಳರು, ಭಿಕ್ಷುಕರು, ರಾತ್ರಿ ಜಗಲಿಯಲ್ಲಿ ಮಲಗುವವರು ಬಂದು ಹೋಗುತ್ತಾರೆ. ಹಾಗಾಗಿ ಇಂಥವನ ಮನೆ ಇದು ಎಂದು ಹುಡುಕುವಂಥದ್ದು ಇಲ್ಲಿ ಏನೂ ಇಲ್ಲ. ಬೀದಿಯ ಅಡ್ಡದಾರಿಗಳಿಗೆ, ಕೋರ್ಟ್ ರಸ್ತೆಗೂ ಮೊಯ್ದೀನ್ ಪಳ್ಳಿ ರಸ್ತೆಗೂ, ಸ್ವಲ್ಪ ಸ್ವಲ್ಪ ಹೊಕ್ಕು ಹೊರಬನ್ನಿ. ಈ ಕವಲುಗಳಿಂದಲೇ ಬೀದಿಗೆ ಜನ ಹರಿದು ಬರುವುದು. ದಾರಿಯಲ್ಲಿ ಪಾರ್ಸಿಗಳ ಹಳೆಯ ರುದ್ರಭೂಮಿಯ ತೋಟ, ಅಂಜುಮನ್ ಬಾಗ್, ಸಿಗುತ್ತದೆ. ಹೊರಗಿಂದಲೇ ನೋಡಿ ಮುಂದೆ ಹೋಗಿ. ಹಲ್ವ ಕೊಳ್ಳುವುದನ್ನು ಸಂಜೆಗೆ ಇಡಿ, ಇಲ್ಲವಾದರೆ ದಿನವಿಡೀ ಕೈಯಲ್ಲಿ ಭಾರ.

ಮಾನಾಂಚಿರದ ಪಕ್ಕದಲ್ಲೇ ಕಾಮನ್‌ವೆಲ್ತ್ ನೇಯ್ಗೆ ಕಾರ್ಖಾನೆಯ ಕಟ್ಟಡ. 1844ರಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ನೇಯ್ಗೆಯ ಮುಂದುವರಿಕೆ ಅದು, 2009ರಲ್ಲಿ ಮುಚ್ಚಿತು. ಮಂಗಳೂರಿನ ಹಂಚಿನ ಕಾರ್ಖಾನೆಗಳನ್ನು ಬಲ್ಲವರಿಗೆ ಈ ಕಟ್ಟಡ ಪರಕೀಯವೆನಿಸದು.

ಅಲ್ಲಿಂದ ಪುದಿಯರ, ಆಟೋದಲ್ಲಿ ಹತ್ತು ನಿಮಿಷದೊಳಗೆ. ಅಲ್ಲಿ ಎಸ್.ಕೆ. ಪೊಟ್ಟೆಕ್ಕಾಟ್ ಸಾಂಸ್ಕೃತಿಕ ಕೇಂದ್ರವಿದೆ, ಅವರ ವಸ್ತುಗಳನ್ನು ಇಟ್ಟಿದ್ದಾರೆ, ಗ್ರಂಥಾಲಯವೂ ಇದೆ. ಗುಂಪು ಬರುತ್ತಿದೆ ಎಂದು ಹಿಂದಿನ ದಿನವೇ ತಿಳಿಸಿ, ಸಭೆ ಸಮಾರಂಭಗಳಿರುವ ದಿನ ಸಂಗ್ರಹ ನೋಡಲು ಆಗದು. ಊರಿನ ಕಾದಂಬರಿಯಲ್ಲಿ ಬರುವ ಅದಿರಾಣಿಪ್ಪಾಡ ಈ ಪರಿಸರದ್ದೇ, ಆದರೆ ಆ ಹೆಸರು ಯಾವ ಬಸ್ಸಿನ ಬೋರ್ಡಿನಲ್ಲೂ ಇಲ್ಲ. ಗದ್ದೆಗಳನ್ನೂ ತೋಡುಗಳನ್ನೂ ಹುಡುಕಬೇಡಿ, ಈಗ ಅಲ್ಲಿ ಪೂರ್ತಿ ಪೇಟೆ. ಇದರಿಂದ ಬೇಸರಪಡುವವರು ಕಾದಂಬರಿಯ ಕೊನೆಯ ಅಧ್ಯಾಯವನ್ನು ಅಲ್ಲೇ ನಿಂತು ಇನ್ನೊಮ್ಮೆ ಓದಬೇಕು. ಎಷ್ಟೋ ವರ್ಷ ಬಿಟ್ಟು ಮರಳಿದ ಶ್ರೀಧರನ್, ಹೊಸ ತಲೆಮಾರಿನವನೊಬ್ಬನ ಎದುರು, ಅತಿಕ್ರಮಿಸಿ ಬಂದದ್ದಕ್ಕೆ ಕ್ಷಮೆ ಕೇಳಿ, ತಾನು ಹಳೆಯ ಕೌತುಕಗಳನ್ನು ಅರಸುವ ಪರದೇಶಿ ಎನ್ನುತ್ತಾನೆ. ಊರು ಮಾಯವಾದದ್ದು ಕಾದಂಬರಿಯೊಳಗೇ ಇದೆ. ಮಲಯಾಳ ಸಾಹಿತ್ಯದಲ್ಲಿ ಇಷ್ಟು ದೊಡ್ಡ ಮನಸ್ಸಿನ ಮುಕ್ತಾಯ ಅಪರೂಪ ಎಂಬುದು ನಮ್ಮ ಅಭಿಪ್ರಾಯ.

ಊಟದ ನಂತರ ಕುಟ್ಟಿಚ್ಚಿರ, ವಲಿಯಂಗಾಡಿ, ಗುಜರಾತಿ ಬೀದಿ, ಕಡಲ ತಡಿ, ಈ ಕ್ರಮದಲ್ಲಿ ಪಡುವಣಕ್ಕೆ ಸರಿಯುತ್ತ ಹೋಗಿ. ಕುಟ್ಟಿಚ್ಚಿರದ ಕೆರೆಯ ದಡದಲ್ಲಿ ಮಿಶ್ಕಾಲ್ ಪಳ್ಳಿ, ಮಿನಾರಗಳಿಲ್ಲದ, ಮರದ ಕೆಲಸದ ನಾಲ್ಕಂತಸ್ತು. 1510ರಲ್ಲಿ ಪೋರ್ಚುಗೀಸರು ಬೆಂಕಿ ಹಾಕಿದ ಕಟ್ಟಡ ಇದು. ಕೆರೆಯ ಆಚೆ ದಡದಿಂದ ನೋಡಿದರೆ ಮಾಡುಗಳು ಒಂದರ ಮೇಲೊಂದು ಪೂರ್ತಿ ಕಾಣುತ್ತವೆ. ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಆ ಕಡೆ ಹೋಗಬೇಡಿ, ನಮಾಜಿನ ಹೊತ್ತು. ಗುಜರಾತಿ ಬೀದಿಗೆ ಬಂದಾಗ ಅಧ್ಯಾಪಕ ಪೊಟ್ಟೆಕ್ಕಾಟರನ್ನು ನೆನೆಯಿರಿ. ಕಡಲ ತಡಿಯನ್ನು ಮೊದಲೇ ನೋಡಲು ಹೋಗುವ ಗುಂಪುಗಳು ಬಿಸಿಲಿಗೆ ಬಾಡಿ ಬೀದಿಯನ್ನು ನೋಡುವ ಶಕ್ತಿ ಕಳೆದುಕೊಳ್ಳುತ್ತವೆ, ಅದಕ್ಕೇ ಅದು ಕೊನೆಗೆ.

ಮರಳುವಾಗ ರಾತ್ರಿ ಎಂಟರೊಳಗೆ ಕಾಸರಗೋಡು ಮುಟ್ಟುವ ರೈಲು ಆರಿಸಿ. ಆಮೇಲೆ ಬದಿಯಡ್ಕದತ್ತ ಬಸ್ಸು ವಿರಳ. ಅಷ್ಟು ಬೇಗ ಹೊರಡಲಾಗದಿದ್ದರೆ ಬೆಳಗ್ಗೆ ಹೇಳಿದ ವ್ಯಾನಿನವರನ್ನೇ ರಾತ್ರಿಗೂ ಹೇಳಿಡಿ.

ಪ್ರಶ್ನೆ: ಮನೆಯಲ್ಲಿ ಮಲಯಾಳ ಮಾತಾಡುತ್ತೇವೆ, ಆದರೆ ಕಲಿತದ್ದು ಕನ್ನಡ ಮಾಧ್ಯಮ, ಮಲಯಾಳ ಲಿಪಿ ಸರಾಗವಾಗಿ ಓದಲು ಬರದು. ಹೊರಡುವ ಮೊದಲು ಹೇಗೆ ತಯಾರಾಗಲಿ?
— ಓದುಗ, ಕುಂಬಳೆ

ನಿಮ್ಮ ಸ್ಥಿತಿ ಈ ಜಿಲ್ಲೆಯಲ್ಲಿ ಸಾಮಾನ್ಯ, ಮತ್ತು ಅದು ಕೊರತೆಯೇನಲ್ಲ. ಕಿವಿಗೆ ಮಲಯಾಳ ಬರುತ್ತದಲ್ಲ, ಅಷ್ಟು ಸಾಕು. ಲಿಪಿ ಬಲ್ಲ ಒಬ್ಬರನ್ನು ಕೂಡಿಸಿಕೊಂಡು ವಾರಕ್ಕೆರಡು ಸಂಜೆ ಗಟ್ಟಿಯಾಗಿ ಓದಿಸಿ ಕೇಳಿ. ಪೊಟ್ಟೆಕ್ಕಾಟರ ಸಂಭಾಷಣೆ ಕಲ್ಲಿಕೋಟೆಯ ಆಡುಮಾತು, ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತದೆ. ಒಂದು ಕೂಟಕ್ಕೆ ಇಪ್ಪತ್ತು ಪುಟಕ್ಕಿಂತ ಹೆಚ್ಚು ಬೇಡ. ಬೀದಿಯ ಕಾದಂಬರಿಯಿಂದ ಶುರು ಮಾಡಿ, ಅಧ್ಯಾಯಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಊರಿನದು ಬಹಳ ದೊಡ್ಡದು, ಪಾತ್ರಗಳು ನೂರಾರು, ಮಧ್ಯೆ ಒಂದು ಕೂಟ ತಪ್ಪಿದರೆ ಎಳೆ ಕಡಿಯುತ್ತದೆ. ಇಂಗ್ಲಿಷ್ ಓದುವವರಿಗೆ ಅದರ ಅನುವಾದ ಅದಿರಾಣಿಪ್ಪಾಡದ ಹೆಸರಿನಲ್ಲೇ ಇದೆ.

ಓದುವಾಗ ಒಂದು ನೋಟ್‌ಬುಕ್ಕಿನ ಪುಟವನ್ನು ಗೀಟೆಳೆದು ಮೂರು ಸಾಲುಗಳಾಗಿ ಪಾಲು ಮಾಡಿ. ಸ್ಥಳದ ಹೆಸರು ಬಂದಾಗೆಲ್ಲ ಯಾವುದಾದರೂ ಒಂದರಲ್ಲಿ ಬರೆಯಿರಿ. ಮೊದಲನೆಯದು, ಸ್ವಂತ ಹೆಸರಿನಲ್ಲೇ ಬರುವ ನಿಜವಾದ ಜಾಗಗಳು. ಎರಡನೆಯದು, ಜಾಗ ನಿಜ ಆದರೆ ಹೆಸರು ಲೇಖಕ ಇಟ್ಟದ್ದು; ಅದಿರಾಣಿಪ್ಪಾಡ ಇದಕ್ಕೆ ಸೇರುತ್ತದೆ. ಮೂರನೆಯದು, ಪೂರ್ತಿ ಕಲ್ಪನೆ: ಯಾವುದೋ ಒಂದು ಮನೆ, ಒಂದು ಜಗಲಿ, ಒಂದು ಮಾಳಿಗೆ. ಮೊದಲನೆಯ ಸಾಲಿನ ಜಾಗಗಳಿಗೆ ನಕ್ಷೆ ಹಿಡಿದು ಹೋಗಿ. ಎರಡನೆಯದಕ್ಕೆ ಊರಿನ ಹಿರಿಯರನ್ನೋ ಗ್ರಂಥಾಲಯದವರನ್ನೋ ಕೇಳಿ. ಮೂರನೆಯದಕ್ಕೆ ಹೋಗಲೇಬೇಡಿ. ಸಾಹಿತ್ಯ ಪ್ರವಾಸಗಳು ಸಪ್ಪೆಯಾಗುವುದು ಹೆಚ್ಚಾಗಿ ಮೂರನೆಯ ಸಾಲಿನವನ್ನು ಮೊದಲನೆಯದೆಂದು ತಿಳಿದು ಹುಡುಕುವುದರಿಂದ. ಸಿಗದ ಮನೆಗಾಗಿ ಎರಡು ಗಂಟೆ ಅಲೆದು, ಸಿಗುವ ಬೀದಿಗೆ ಇಪ್ಪತ್ತು ನಿಮಿಷವೂ ಉಳಿಯುವುದಿಲ್ಲ.

ಕೊನೆಗೆ, ಪ್ರತಿ ಜಾಗಕ್ಕೆ ಒಂದೇ ಒಂದು ಪುಟ ಗುರುತಿಸಿಡಿ, ಅಲ್ಲಿ ನಿಂತು ಓದಲು. ಅರ್ಧ ಪುಟವಾದರೆ ಇನ್ನೂ ಒಳ್ಳೆಯದು, ಬೀದಿಯ ಗದ್ದಲದಲ್ಲಿ ಅದಕ್ಕಿಂತ ಹೆಚ್ಚು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಪ್ರಶ್ನೆ: ವೈಕಂ ಮುಹಮ್ಮದ್ ಬಷೀರರ ‘ಪಾತುಮ್ಮಯುಡೆ ಆಡು’ ನನಗೆ ಬಹಳ ಇಷ್ಟ. ಆ ಆಡು ಇದ್ದ ಮನೆ ಬೇಪೂರಿನಲ್ಲಿ ನೋಡಲು ಸಿಗುವುದೇ?
— ಪದವಿ ವಿದ್ಯಾರ್ಥಿನಿ, ನೀರ್ಚಾಲು

ಇಲ್ಲ, ಆ ಆಡಿನ ಮನೆ ಬೇಪೂರಿನಲ್ಲಲ್ಲ, ಬಷೀರರ ಹುಟ್ಟೂರಾದ ವೈಕಂ ಬಳಿಯ ತಲಯೋಲಪರಂಬಿನಲ್ಲಿ. ಅದು ಕೋಟ್ಟಯಂ ಜಿಲ್ಲೆ. 1959ರಲ್ಲಿ ಪ್ರಕಟವಾದ ಆ ಕಾದಂಬರಿಯ ಅಂಗಳ, ಒಡಹುಟ್ಟಿದವರು, ಮಕ್ಕಳ ದಂಡು ಎಲ್ಲ ಅಲ್ಲಿಯವು. ‘ಮದಿಲುಗಳ್’ ಕಾದಂಬರಿಯ ಗೋಡೆ ತಿರುವನಂತಪುರದ ಸೆಂಟ್ರಲ್ ಜೈಲಿನದು. ಬೇಪೂರಿನ ಸುಲ್ತಾನನೆಂದು ಎಲ್ಲರೂ ಕರೆಯುವುದರಿಂದ ಎಲ್ಲ ಕಥೆಗಳೂ ಬೇಪೂರಿನವೆಂದು ತಿಳಿಯುವವರು ಬಹಳ ಮಂದಿ.

ಹಾಗಂತ ಬೇಪೂರಿಗೆ ಹೋಗದಿರಬೇಡಿ. ಅಲ್ಲಿರುವುದು ಬರೆದವರ ಬಾಳು. ಮದುವೆಯಾದ ನಂತರ ಬಷೀರ್ ಬೇಪೂರಿನಲ್ಲಿ ನೆಲೆಸಿದರು. 1994ರ ಜುಲೈ 5ರಂದು ತೀರಿಕೊಳ್ಳುವವರೆಗೆ ‘ವೈಲಾಲಿಲ್’ ಎಂಬ ಆ ಮನೆಯೇ ಅವರ ಮನೆ. ಅಂಗಳದ ಮ್ಯಾಂಗೋಸ್ಟಿನ್ ಮರದಡಿ ಒರಗು ಕುರ್ಚಿ, ಪಕ್ಕದಲ್ಲಿ ಗ್ರಾಮಫೋನು, ಸುಲೈಮಾನಿ ಚಹಾ, ಬಂದು ಕೂರುವ ಜನ. ಬಷೀರರ ಫೋಟೋಗಳಲ್ಲಿ ನೀವು ನೋಡಿರುವ ಮರ ಅದೇ. ಮ್ಯಾಂಗೋಸ್ಟಿನ್ ನಿಧಾನ ಬೆಳೆಯುವ, ದಟ್ಟ ಹಸಿರೆಲೆಯ, ನೆರಳು ಬಿಡದ ಮರ. ನಮ್ಮ ಪುನರ್ಪುಳಿಯ ಬಳಗದ್ದು. ಎಲೆಯ ದಪ್ಪ ಮುಟ್ಟಿ ನೋಡಿದರೆ ನಂಟು ತಿಳಿಯುತ್ತದೆ.

ಅದು ಈಗಲೂ ಮನೆ, ಕಚೇರಿಯಲ್ಲ. ಗೇಟಿನಲ್ಲಿ ನಿಂತು ಕೇಳಿಯೇ ಒಳಗೆ ಹೋಗಬೇಕು, ಮಧ್ಯಾಹ್ನ ಊಟದ ಹೊತ್ತು ತಪ್ಪಿಸಬೇಕು, ಐದಾರು ಜನಕ್ಕಿಂತ ಹೆಚ್ಚಿದ್ದರೆ ಎರಡು ಪಾಲಾಗಬೇಕು. ಜುಲೈ 5ರ ಆಸುಪಾಸಿನಲ್ಲಿ ಶಾಲೆಗಳ ಮಕ್ಕಳು ತಂಡತಂಡವಾಗಿ ಬರುತ್ತಾರೆ. ಆ ಸಡಗರ ಬೇಕಿದ್ದರೆ ಆಗಲೇ ಹೋಗಿ, ಸುಮ್ಮನೆ ಕೂರಬೇಕಿದ್ದರೆ ಬೇರೆ ದಿನ. ನಗರದಿಂದ ಬೇಪೂರಿಗೆ ಬಸ್ಸುಗಳು ಧಾರಾಳ. ಮನೆಯ ನಂತರ ಉರು ಎಂಬ ಮರದ ಹಡಗು ಕಟ್ಟುವ ಕಟ್ಟೆ, ಚಾಲಿಯಾರ್ ಹೊಳೆಯ ಬಾಯಿಯ ಕಲ್ಲಿನ ದಿಬ್ಬ, ಆಚೆ ದಡದ ಚಾಲಿಯಂ. ಮಳೆಗಾಲದಲ್ಲಿ ದಿಬ್ಬದ ತುದಿಗೆ ಹೋಗಬೇಡಿ, ಅಲೆ ಮೇಲೆ ಹೊಡೆಯುತ್ತದೆ.

ಬಷೀರರಿಗೂ ಕಲ್ಲಿಕೋಟೆ ಪೇಟೆಗೂ ಇನ್ನೊಂದು ನಂಟಿದೆ. 1930ರ ಉಪ್ಪಿನ ಸತ್ಯಾಗ್ರಹಕ್ಕೆಂದು ಕಲ್ಲಿಕೋಟೆಗೆ ಬಂದ ಹುಡುಗ ಬಷೀರ್ ಸೆರೆಯಾಗಿ ಕಣ್ಣೂರು ಜೈಲು ಸೇರಿದರು. ಕಡಲ ತಡಿಯಲ್ಲಿ ನಿಂತಾಗ ಅದು ನೆನಪಿರಲಿ.

ಪ್ರಶ್ನೆ: ತಾಯಿಗೆ ಮೊಣಕಾಲು ನೋವು, ಹೆಚ್ಚು ನಡೆಯಲಾರರು. ಆದರೂ ಇಂಥದೊಂದು ಪ್ರವಾಸದ ಆಸೆ ಅವರಿಗಿದೆ. ಕಲ್ಲಿಕೋಟೆಗಿಂತ ಹತ್ತಿರ, ಅರ್ಧ ದಿನದಲ್ಲಿ ಮುಗಿಯುವ ಜಾಗ ಇದೆಯೇ?
— ನಿವೃತ್ತ ಉದ್ಯೋಗಿ, ಮಂಜೇಶ್ವರ

ಮಾಹೆಗೆ ಕರೆದುಕೊಂಡು ಹೋಗಿ. ಎಂ. ಮುಕುಂದನ್ ಅವರ ‘ಮಯ್ಯಳಿಪ್ಪುಳಯುಡೆ ತೀರಂಗಳಿಲ್’ ಕಾದಂಬರಿ 1974ರದು. ಫ್ರೆಂಚರ ಕೈಯಲ್ಲಿದ್ದ ಮಾಹೆ, 1954ರಲ್ಲಿ ಅವರು ಬಿಟ್ಟು ಹೋದ ಕಾಲ, ದಾಸನ್ ಮತ್ತು ಚಂದ್ರಿಕಾ, ನಶ್ಯದ ಡಬ್ಬಿಯ ಕುರಂಬಿಯಮ್ಮ. ಮುಕುಂದನ್ ಅಲ್ಲೇ 1942ರಲ್ಲಿ ಹುಟ್ಟಿದವರು. ಊರು ಎಷ್ಟು ಚಿಕ್ಕದೆಂದರೆ ಇಡೀ ಮಾಹೆ ಪ್ರದೇಶವೇ ಸುಮಾರು 9 ಚದರ ಕಿಲೋಮೀಟರ್. ಹೊಳೆ, ಇಗರ್ಜಿ, ಸರಕಾರಿ ಕಟ್ಟಡಗಳು ಒಂದಕ್ಕೊಂದು ಕೂಗಳತೆಯಲ್ಲಿವೆ. ಹೊಳೆದಂಡೆಯ ಕಾಲುದಾರಿ ಸಮತಟ್ಟು, ಕೂರಲು ಜಾಗವಿದೆ.

ಎಲ್ಲ ರೈಲೂ ಮಾಹೆಯಲ್ಲಿ ನಿಲ್ಲುವುದಿಲ್ಲ. ತಲಶ್ಶೇರಿಯಲ್ಲಿ ಇಳಿದು ಟ್ಯಾಕ್ಸಿ ಹಿಡಿಯುವುದು ನಿಮ್ಮ ತಾಯಿಗೆ ಸುಲಭ, ಎಂಟು-ಹತ್ತು ಕಿಲೋಮೀಟರ್ ಅಷ್ಟೆ. ಮಾಹೆ ನಿಲ್ದಾಣದಿಂದಲೂ ಊರಿಗೆ ಆಟೋ ಬೇಕೇ ಬೇಕು. ಅಕ್ಟೋಬರಿನಲ್ಲಿ ಸಂತ ತೆರೇಸಾ ಇಗರ್ಜಿಯ ಹಬ್ಬ, ದಾರಿ ತುಂಬ ಜನ, ಆಗ ಬೇಡ. ಕಾದಂಬರಿಯಲ್ಲಿ ಬರುವ ಕಡಲಿನ ವೆಳ್ಳಿಯಾಂಗಲ್ಲು ನಿಜವಾದ ಬಂಡೆ, ಆದರೆ ದೂರದ್ದು; ಹವೆ ತಿಳಿಯಾಗಿದ್ದರೆ ಮಾತ್ರ ಕಣ್ಣಿಗೆ ಬಿದ್ದೀತು. ಅದಕ್ಕಾಗಿ ದೋಣಿ ಹತ್ತಬೇಡಿ.

ಪ್ರಶ್ನೆ: ಕಲ್ಲಿಕೋಟೆ, ಮಾಹೆ ಎಲ್ಲ ಸರಿ. ನಮ್ಮ ಜಿಲ್ಲೆಯಲ್ಲೇ, ಕನ್ನಡ ಕಾದಂಬರಿ ಓದಿ ನೋಡಬಹುದಾದ ಜಾಗವಿಲ್ಲವೇ?
— ಓದುಗ, ಉಪ್ಪಳ

ಇದೆ, ಎರಡು ದೊಡ್ಡ ಜಾಗಗಳಿವೆ, ಎರಡೂ ಹೊಳೆಬದಿಯವು. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ವಿಶೇಷ ಧನ್ಯವಾದ.

ಒಂದು ಚಂದ್ರಗಿರಿ. ಸಾರಾ ಅಬೂಬಕ್ಕರ್ 1936ರ ಜೂನ್ 30ರಂದು ಕಾಸರಗೋಡಿನಲ್ಲಿ ಹುಟ್ಟಿದರು, ಕನ್ನಡ ಶಾಲೆಯಲ್ಲಿ ಓದಿದರು. ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಕರ್ನಾಟಕದ ಓದುಗರಿಗೆ ಹೊಳೆಯ ಹೆಸರೇ ಹೊಸತು. ನಾದಿರಾ, ರಶೀದ್, ಅವರ ನಡುವೆ ಬಂದು ನಿಲ್ಲುವ ಅಪ್ಪ ಮಹಮ್ಮದ್ ಖಾನ್. ತಲಾಕ್ ಎಂಬುದು ಒಂದು ಹೆಣ್ಣಿನ ಬಾಳಿನಲ್ಲಿ ಏನು ಮಾಡುತ್ತದೆಂದು ಈ ಕಾದಂಬರಿಯಷ್ಟು ನೇರವಾಗಿ ಕನ್ನಡದಲ್ಲಿ ಅದುವರೆಗೆ ಯಾರೂ ಬರೆದಿರಲಿಲ್ಲ. ಹೊರಡುವ ಮೊದಲು ಅವರ ಆತ್ಮಕಥೆ ‘ಹೊತ್ತು ಕಂತುವ ಮುನ್ನ’ವನ್ನೂ ಓದಿ. ಲೇಖಕಿ ಯಾವ ಕಾಸರಗೋಡಿನಲ್ಲಿ ಬೆಳೆದರೆಂದು ಅದರಲ್ಲಿ ಸಿಗುತ್ತದೆ, ಕಾದಂಬರಿಯಲ್ಲಿ ಅಷ್ಟು ಸಿಗುವುದಿಲ್ಲ.

ಹೋಗುವುದು ಹೀಗೆ: ಕಾಸರಗೋಡು ಪೇಟೆಯಿಂದ ಕಾಞಂಗಾಡು ಕಡೆಯ ಬಸ್ಸು ಹತ್ತಿ, ಚಂದ್ರಗಿರಿ ಸೇತುವೆ ದಾಟಿದ ಮೇಲೆ ಇಳಿಯಿರಿ. ಸೇತುವೆಯ ಮೇಲೆ ನಿಲ್ಲಬೇಡಿ, ಲಾರಿಗಳ ಓಡಾಟ ಜೋರು, ನಡೆಯುವವರಿಗೆ ಜಾಗ ಕಡಿಮೆ. ಮೇಲೆ ಚಂದ್ರಗಿರಿ ಕೋಟೆ, ಹದಿನೇಳನೇ ಶತಮಾನದ್ದು, ಬಿದನೂರಿನ ಶಿವಪ್ಪ ನಾಯಕನ ಹೆಸರಿನಲ್ಲಿರುವುದು. ಕೋಟೆಯ ಮೇಲಿಂದ ಹೊಳೆ ಕಡಲು ಸೇರುವ ನೋಟ ಪೂರ್ತಿ ಸಿಗುತ್ತದೆ: ತೆಂಗಿನ ದಡ, ರೈಲು ಸೇತುವೆ, ಆಚೆ ತಳಂಗರೆ. ಎರಡು ದಡಗಳ ನಡುವಿನ ಅಂತರ ಈಗ ಬಸ್ಸಿಗೆ ಒಂದೆರಡು ನಿಮಿಷ. ದೋಣಿಯೊಂದೇ ದಾರಿಯಾಗಿದ್ದ ಕಾಲವನ್ನು ಮನಸ್ಸಿಗೆ ತಂದುಕೊಳ್ಳದಿದ್ದರೆ ಕಾದಂಬರಿಯ ದೂರಗಳು ಅರ್ಥವಾಗುವುದಿಲ್ಲ. ಸಂಜೆ ನಾಲ್ಕರ ನಂತರ ಹೋಗಿ, ಅದಕ್ಕೆ ಮೊದಲು ಕೋಟೆಯ ಮೇಲೆ ನೆರಳಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲಿನ ಮೆಟ್ಟಿಲು ಹಾವಸೆ ಹಿಡಿದು ಜಾರುತ್ತದೆ.

ಮಸೀದಿ, ಮನೆಗಳ ಹತ್ತಿರ ಇದೇ ನಾದಿರಾಳ ಜಾಗವೇ ಎಂದು ವಿಚಾರಿಸುತ್ತ ಅಲೆಯಬೇಡಿ. ಆ ಕಾದಂಬರಿ ಒಂದು ಕುಟುಂಬದ ವರದಿಯಲ್ಲ, ಸಾರಾ ಅವರು ಬರೆದದ್ದು ಅನೇಕ ಹೆಂಗಸರ ಪಾಡು. ಕುಂಬಳೆಯ ಓದುಗರಿಗೆ ಮೇಲೆ ಹೇಳಿದ ಮೂರು ಸಾಲುಗಳಲ್ಲಿ, ಇಲ್ಲಿ ಹೊಳೆ ಮತ್ತು ಅದರ ಹೆಸರು ಮೊದಲನೆಯ ಸಾಲಿನವು, ಉಳಿದವು ಮೂರನೆಯದರವು.

ಇನ್ನೊಂದು ಜಾಗ ನೀಲೇಶ್ವರ ಮತ್ತು ಕಯ್ಯೂರು. ನಿರಂಜನ, ಅಂದರೆ ಕುಳಕುಂದ ಶಿವರಾಯ, 1924ರಲ್ಲಿ ಹುಟ್ಟಿದವರು. ಓದಿದ್ದು ನೀಲೇಶ್ವರದ ರಾಜಾಸ್ ಹೈಸ್ಕೂಲಿನಲ್ಲಿ. ಅದಕ್ಕೆ ಹತ್ತಿರದ ಕಯ್ಯೂರಿನ ರೈತರ ಹೋರಾಟವನ್ನು 1955ರಲ್ಲಿ ‘ಚಿರಸ್ಮರಣೆ’ಯಾಗಿ ಬರೆದರು. 1941ರ ಮಾರ್ಚಿನಲ್ಲಿ ಸುಬ್ಬರಾಯನೆಂಬ ಪೊಲೀಸ್ ಪೇದೆ ಹೊಳೆಯಲ್ಲಿ ಸತ್ತದ್ದು, ಆ ಮೇಲಿನ ಮೊಕದ್ದಮೆ, 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದ್ದು, ಇವು ಇತಿಹಾಸ. ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಆ ನಾಲ್ವರು. ಐದನೆಯವನು ಪ್ರಾಯಕ್ಕೆ ಬಾರದವನೆಂದು ಗಲ್ಲಿನಿಂದ ಉಳಿದ. ಅಪ್ಪು, ಚಿರುಕಂಡನ ಹೆಸರು ಕಾದಂಬರಿಯಲ್ಲೂ ಹಾಗೆಯೇ ಇದೆ, ಊರಿನ ಹೆಸರೂ ಅದೇ. ಆದ್ದರಿಂದ ಇದು ಓದುಗನಿಗೆ ಬಹಳ ಸಲೀಸಾದ ಪ್ರವಾಸ, ನಿಮ್ಮ ನೋಟ್‌ಬುಕ್ಕಿನ ಮೊದಲ ಸಾಲು ತಾನಾಗಿ ತುಂಬುತ್ತದೆ.

ಚೆರುವತ್ತೂರಿನಲ್ಲೋ ನೀಲೇಶ್ವರದಲ್ಲೋ ಇಳಿದು ಒಳಗಿನ ಬಸ್ಸು ಹಿಡಿಯಿರಿ, ಮರಳುವ ಬಸ್ಸಿನ ಹೊತ್ತನ್ನು ಕಂಡಕ್ಟರರಲ್ಲಿ ಇಳಿಯುವಾಗಲೇ ಕೇಳಿಕೊಳ್ಳಿ. ಕಯ್ಯೂರಿನಲ್ಲಿ ಹುತಾತ್ಮರ ಸ್ಮಾರಕವಿದೆ, ತೇಜಸ್ವಿನಿ ಹೊಳೆಯಿದೆ. ಕನ್ನಡ ಓದುಗರೆಂದು ಹೇಳಿ ನಿರಂಜನರ ಹೆಸರೆತ್ತಿದರೆ ಮಾತು ತಾನಾಗಿ ಬೆಳೆಯುತ್ತದೆ. ಆ ಕಾದಂಬರಿಯ ಮಲಯಾಳ ಅನುವಾದವನ್ನು ಕೇರಳದಲ್ಲಿ ಮನೆಮನೆಯಲ್ಲಿ ಓದಿದ್ದಾರೆ. ಅದು ಮೂಲದಲ್ಲಿ ಕನ್ನಡದ್ದೆಂದು ತಿಳಿಯದವರೂ ಸಿಕ್ಕಾರು, ದಯವಿಟ್ಟು ತಿಳಿಸಿ. ಮಾರ್ಚ್ 29ರಂದು ಅಲ್ಲಿ ಸ್ಮರಣೆಯ ಕಾರ್ಯಕ್ರಮ, ಬಹಳ ಜನ ಸೇರುತ್ತಾರೆ.

ಬದಿಯಡ್ಕದ ಬಳಗದವರಿಗೂ ಇದರಲ್ಲಿ ಒಂದು ಸಂಗತಿ ಇದೆ. ಕಲ್ಲಿಕೋಟೆಯ ರೈಲಿನಲ್ಲಿ ಬಲಬದಿಯ ಕಿಟಕಿ ಹಿಡಿಯಿರಿ, ಅದು ಕಡಲಿನ ಬದಿ. ಕಾಸರಗೋಡು ಬಿಟ್ಟ ಕೂಡಲೇ ಚಂದ್ರಗಿರಿ. ಬೆನ್ನಿಗೇ ಕಳನಾಡಿನ ಸುರಂಗ ಬರುತ್ತದೆ, ಕ್ಯಾಮರಾ ಮೊದಲೇ ತೆಗೆದಿಡಿ. ನೀಲೇಶ್ವರ ದಾಟಿದ ಮೇಲೆ ಕಾರ್ಯಂಗೋಡು ಹೊಳೆ, ಅದೇ ತೇಜಸ್ವಿನಿ. ಕಯ್ಯೂರು ಎಡಕ್ಕೆ, ಹೊಳೆಯ ಮೇಲ್ಭಾಗದಲ್ಲಿ. ತಲಶ್ಶೇರಿ ಬಂದಾಗ ನೆನಪಿರಲಿ, 1962ರಲ್ಲಿ ಪೊಟ್ಟೆಕ್ಕಾಟರನ್ನು ಲೋಕಸಭೆಗೆ ಕಳಿಸಿದ ಕ್ಷೇತ್ರ ಅದು. ಆಮೇಲೆ ಮಾಹೆಯ ಮಯ್ಯಳಿ ಹೊಳೆ. ನಾಲ್ಕು ಕಾದಂಬರಿಕಾರರು ಒಂದೇ ಟಿಕೆಟ್ಟಿನಲ್ಲಿ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ಜನವರಿಯಲ್ಲಿ ಕಲ್ಲಿಕೋಟೆಯಲ್ಲಿ ಸಾಹಿತ್ಯೋತ್ಸವ ಇರುತ್ತದಂತೆ, ಆಗಲೇ ಹೋದರೆ ಎರಡೂ ಆಗುವುದಲ್ಲವೇ?
— ಗೃಹಿಣಿ, ಮುಳ್ಳೇರಿಯ

ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಮಾರ್ಚ್ ಬಂದರೆ ಸೆಕೆ, ಬೀದಿಯ ನಡಿಗೆಗೆ ಬೆಳಗ್ಗೆ ಹತ್ತರ ನಂತರ ಉಸಿರಿರುವುದಿಲ್ಲ. ಕಡಲ ತಡಿಯ ಉತ್ಸವ ಸಾಮಾನ್ಯವಾಗಿ ಜನವರಿಯಲ್ಲೇ ನಡೆಯುತ್ತದೆ, ಆಗ ಹೋದರೆ ಎರಡೂ ಆಗುವುದಿಲ್ಲ: ವಸತಿಗೃಹ ಸಿಗದು, ಸಿಕ್ಕಿದರೂ ದುಬಾರಿ, ಮತ್ತು ಗೋಷ್ಠಿಗಳಿಗೆ ಕೂತರೆ ಊರು ನೋಡಲು ಹೊತ್ತು ಉಳಿಯದು. ಉತ್ಸವಕ್ಕೆ ಹೋಗುವುದಾದರೆ ಎರಡು ರಾತ್ರಿಯ ಕೋಣೆಯನ್ನು ತಿಂಗಳು ಮುಂಚೆ ಹಿಡಿದಿಡಿ, ಕೊನೆಯ ದಿನದ ಬೆಳಗನ್ನು ಗೋಷ್ಠಿಯಿಲ್ಲದೆ ಬಿಟ್ಟುಕೊಂಡು ಮಿಠಾಯಿ ತೆರುವಿಗೆ ಒಂಬತ್ತೂವರೆಗೆ ಬನ್ನಿ.